ಯುದ್ಧಕಾಲದ ಅಂಗಡಿ ಟೋಕನ್‌ಗಳು: ಸಂಗ್ರಹ ಶುರು ಮಾಡುವವರಿಗೆ ಮಾರ್ಗದರ್ಶಿ

ಅಮೆರಿಕದ ಅಂತರ್ಯುದ್ಧ ಕಾಲದ ಟೋಕನ್ ಕೂಡಿಡಬೇಕು ಅಂತ ಆಸೆ, ಆದರೆ ಎಲ್ಲಿಂದ ಶುರು ಮಾಡಲಿ? ಈ ಪ್ರಶ್ನೆ ಪದೇ ಪದೇ ಬರುತ್ತಿದೆ. (ಟೋಕನ್ ಅಂದರೆ ಆಗ ಚಿಲ್ಲರೆ ಸಿಗದೆ, ನಾಣ್ಯದ ಬದಲಿಗೆ ಅಂಗಡಿಯವರು ಮಾಡಿಸಿಕೊಂಡ ಬಿಲ್ಲೆ.) ಕೇಳುವವರಲ್ಲಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೇ ಜಾಸ್ತಿ. ಅದು ಸಹಜ ಕೂಡ. ಸಿನ್ಸಿನಾಟಿ, ಡೆಟ್ರಾಯಿಟ್, ಶಿಕಾಗೋ, ಮಿಲ್ವಾಕಿ, ನ್ಯೂಯಾರ್ಕ್, ಹೀಗೆ ಅವರು ಈಗ ಇರುವ ಊರುಗಳ ಹೆಸರೇ ಈ ಚಿಕ್ಕ ತಾಮ್ರದ ಬಿಲ್ಲೆಗಳ ಮೇಲೆ ಅಚ್ಚಾಗಿದೆ. ಇಲ್ಲಿ ಎಲ್ಲವನ್ನೂ ಹಂತ ಹಂತವಾಗಿ ಬರೆದಿದ್ದೇನೆ. ನಾಣ್ಯ ಸಂಗ್ರಹದ ಅನುಭವ ಇಲ್ಲದವರೂ ಓದಿಕೊಂಡು ಶುರು ಮಾಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಹೊಳಪು ನೋಡಿ ಕೊಳ್ಳಬೇಡಿ. ಯಾವ ಅಂಗಡಿ, ಯಾವ ಊರು ಅಂತ ನೋಡಿ ಕೊಳ್ಳಿ. ಜನರ ಜೇಬಿನಲ್ಲಿ ತಿರುಗಿ ಸವೆದ ಟೋಕನ್ನೇ ಆ ಕಾಲದ ನಿಜವಾದ ಸಾಕ್ಷಿ.

ಇವು ಹುಟ್ಟಿದ್ದು ಯಾಕೆ?

ಇದು ಗೊತ್ತಿಲ್ಲದೆ ಸಂಗ್ರಹಕ್ಕೆ ಕೈ ಹಾಕಿದರೆ ಯಾವುದು ಮುಖ್ಯ, ಯಾವುದು ಅಲ್ಲ ಅನ್ನೋದೇ ತಿಳಿಯುವುದಿಲ್ಲ. ಹಾಗಾಗಿ ಸ್ವಲ್ಪ ಸಾವಧಾನವಾಗಿ ಓದಿ.

ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ಶುರುವಾದದ್ದು 1861ರ ಏಪ್ರಿಲ್‌ನಲ್ಲಿ. ಆ ವರ್ಷದ ಕೊನೆಗೆ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ-ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. 1862ರ ಫೆಬ್ರವರಿಯಲ್ಲಿ ಸರ್ಕಾರ ‘ಗ್ರೀನ್‌ಬ್ಯಾಕ್’ ಎಂಬ ಕಾಗದದ ಹಣ ತಂದಿತು. ಅದರ ಬೆಲೆ ಎಷ್ಟು ದಿನ ನಿಲ್ಲುತ್ತದೋ ಅಂತ ಜನರಿಗೆ ಭಯ. ಚಿನ್ನ ಮೊದಲೇ ಮರೆಯಾಗಿತ್ತು. ಆ ಬೇಸಿಗೆಯ ಹೊತ್ತಿಗೆ ಬೆಳ್ಳಿ ನಾಣ್ಯಗಳೂ ಪೆಟ್ಟಿಗೆ ಸೇರಿದವು. ಕೊನೆಗೆ ಒಂದು ಸೆಂಟಿನ ನಾಣ್ಯವನ್ನೂ ಜನ ಬಚ್ಚಿಡಲು ಶುರು ಮಾಡಿದರು. ಆಗಿನ ಸೆಂಟಿನಲ್ಲಿ 88 ಭಾಗ ತಾಮ್ರ, 12 ಭಾಗ ನಿಕಲ್ ಇತ್ತು. ಅದರಲ್ಲಿ ಬೆಳ್ಳಿಯ ಸುಳಿವೇ ಇರಲಿಲ್ಲ. ಆದರೂ ಕಾಗದಕ್ಕಿಂತ ಲೋಹ ಮೇಲು ಅನ್ನೋದು ಜನರ ಲೆಕ್ಕ.

1862ರ ಜುಲೈ 17ರಂದು ಅಂಚೆ ಚೀಟಿಯನ್ನೇ ಹಣವಾಗಿ ಬಳಸಲು ಕಾನೂನು ಬಂತು. ಅಂಟು ಹಚ್ಚಿದ ಚೀಟಿ ಜೇಬಿನಲ್ಲಿ ಬೆವರು ತಾಗಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ? ಆಗಸ್ಟ್‌ನಲ್ಲಿ ಚಿಕ್ಕ ನೋಟುಗಳು ಬಂದವು. ಅವು 5, 10, 25, 50 ಸೆಂಟಿನವು. ಒಂದು ಸೆಂಟಿನ ನೋಟು ಬರಲೇ ಇಲ್ಲ. ಒಂದೆರಡು ಸೆಂಟಿನ ಚಿಲ್ಲರೆ ವ್ಯವಹಾರ ಮಾಡುವ ಬೇಕರಿಯವನು, ದಿನಸಿ ಅಂಗಡಿಯವನು, ಬಿಯರ್ ಅಂಗಡಿಯವನು ಏನು ಮಾಡಬೇಕು? ಈ ಖಾಲಿ ಜಾಗಕ್ಕೇ ಟೋಕನ್‌ಗಳು ಬಂದವು. ಅಚ್ಚು ಕೊರೆಯುವವರಿಗೆ ದುಡ್ಡು ಕೊಟ್ಟು, ಸರ್ಕಾರಿ ಸೆಂಟಿನಷ್ಟೇ ದೊಡ್ಡ, ಅಂದರೆ ಸುಮಾರು 19 ಮಿಲಿಮೀಟರ್ ಅಗಲದ ತಾಮ್ರದ ಬಿಲ್ಲೆಗಳನ್ನು ಅಂಗಡಿಯವರು ಮಾಡಿಸಿಕೊಂಡರು. ಚಿಲ್ಲರೆ ಇಲ್ಲದ ಬಸ್ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ಇದೂ ಅಂಥದ್ದೇ ಸಾಲದ ಗುರುತು. ಕೊಟ್ಟವನು ಒಪ್ಪಿಕೊಂಡರೆ ಮಾತ್ರ ಅದಕ್ಕೆ ಬೆಲೆ.

ಎಲ್ಲರೂ ಒಪ್ಪಿಕೊಳ್ಳಲಿಲ್ಲ. ನ್ಯೂಯಾರ್ಕಿನ ಗುಸ್ಟಾವಸ್ ಲಿಂಡೆನ್‌ಮುಲ್ಲರ್ ಎಂಬ ಬಿಯರ್ ಸಲೂನಿನ ಮಾಲೀಕ ಹತ್ತು ಲಕ್ಷಕ್ಕೂ ಹೆಚ್ಚು ಟೋಕನ್ ಹೊರಬಿಟ್ಟ. ಥರ್ಡ್ ಅವೆನ್ಯೂ ರೈಲು ಕಂಪನಿ ಅವನ್ನು ಪ್ರಯಾಣ ದರವಾಗಿ ಪಡೆದಿತ್ತು. ರಾಶಿ ಬಿದ್ದ ಮೇಲೆ ಬದಲಿಗೆ ಹಣ ಕೊಡು ಎಂದರೆ ಅವನು ಕೊಡಲಿಲ್ಲ. ಅದನ್ನು ವಸೂಲಿ ಮಾಡಲು ಕಂಪನಿಗೆ ದಾರಿಯೇ ಇರಲಿಲ್ಲ. ಸರ್ಕಾರವೂ ಸುಮ್ಮನೆ ಕೂರಲಿಲ್ಲ. 1863ರಲ್ಲಿ ಟಂಕಸಾಲೆ ಸುಮಾರು 5 ಕೋಟಿ ಸೆಂಟ್ ಅಚ್ಚು ಹಾಕಿತು. 1864ರ ಏಪ್ರಿಲ್‌ನಲ್ಲಿ ತೆಳುವಾದ ಕಂಚಿನ ಸೆಂಟ್ ತಂದು, ಖಾಸಗಿಯಾಗಿ ಒಂದು, ಎರಡು ಸೆಂಟಿನ ನಾಣ್ಯ ಮಾಡುವುದನ್ನು ತಡೆಯಿತು. ಜೂನ್ 8ರ ಕಾನೂನು ಇನ್ನೂ ಕಟ್ಟುನಿಟ್ಟು. ಹಣವಾಗಿ ಓಡಾಡಲೆಂದು ಖಾಸಗಿಯವರು ಯಾವ ಲೋಹದ ನಾಣ್ಯ ಮಾಡಿದರೂ ಅಪರಾಧ ಎಂದಾಯಿತು. ಹೀಗೆ ಹೆಚ್ಚು ಕಡಿಮೆ ಎರಡೇ ವರ್ಷದ ಆಯುಸ್ಸು. ಅಷ್ಟರಲ್ಲಿ ಸುಮಾರು 2.5 ಕೋಟಿ ಟೋಕನ್ ಓಡಾಡಿದವು ಎಂಬ ಅಂದಾಜಿದೆ. ಇಂದಿಗೂ ಸುಲಭವಾಗಿ ಸಿಗುವುದು ಇದೇ ಕಾರಣಕ್ಕೆ.

ನಮ್ಮಲ್ಲೂ ಯುದ್ಧ ಚಿಲ್ಲರೆಯನ್ನು ಮುಟ್ಟದೆ ಬಿಟ್ಟಿಲ್ಲ. 1943ರಿಂದ ಬಂದ ತೂತಿನ ಕಾಸು ನಿಮ್ಮ ಅಜ್ಜಿಯ ಡಬ್ಬಿಯಲ್ಲಿ ಇದ್ದರೂ ಇರಬಹುದು. ಅದನ್ನು ಮಾಡಿದ್ದು ಸರ್ಕಾರ. ಈ ಟೋಕನ್‌ಗಳನ್ನು ಮಾಡಿಸಿದ್ದು ಬೀದಿಬದಿಯ ಅಂಗಡಿಯವರು. ನನಗೆ ಇವುಗಳ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. 0.01 ಗ್ರಾಂವರೆಗೆ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ. ಅಗಲ ಅಳೆಯುವ ಕ್ಯಾಲಿಪರ್. ಒಂದು ಅಯಸ್ಕಾಂತ. ಬಾಗಿಸಿ ಇಡಬಹುದಾದ ಟೇಬಲ್ ಲ್ಯಾಂಪ್. ಪಿವಿಸಿ ಇಲ್ಲದ ಕವರುಗಳು. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್. ಇಷ್ಟು ಸಾಕು. ಮೊದಲ ಟೋಕನ್ನಿಗೆ ಮುಂಚೆ ಇವನ್ನು ಕೊಳ್ಳಿ.

ಹಂತ 1: ಮೂರು ಬಗೆಗಳನ್ನು ಗುರುತಿಸಲು ಕಲಿಯಿರಿ

ಮೊದಲನೆಯದು ಸ್ಟೋರ್ ಕಾರ್ಡ್. ಅಂಗಡಿಯ ಹೆಸರು, ಊರು, ಕೆಲವೊಮ್ಮೆ ಬೀದಿ, ಮನೆ ನಂಬರ್ ಸಮೇತ ಇರುವ ಟೋಕನ್. ಜಾಹೀರಾತೂ ಹೌದು, ಚಿಲ್ಲರೆಯೂ ಹೌದು. ನ್ಯೂಯಾರ್ಕಿನ 41ನೇ ಬೀದಿಯಲ್ಲಿದ್ದ ಬ್ರೋಸ್ ಎಂಬ ಪೈ ಬೇಕರಿಯದು ತುಂಬ ಪ್ರಸಿದ್ಧ. ಬ್ರಾಡ್‌ವೇಯಲ್ಲಿದ್ದ ಫೆಲಿಕ್ಸ್ ಎಂಬ ಊಟದ ಮನೆಯ ಟೋಕನ್ ಮೇಲೆ, ಇಲ್ಲಿ ಯಹೂದಿ ಪದ್ಧತಿಯ ಅಡುಗೆ ಸಿಗುತ್ತದೆ ಅಂತ ಹೀಬ್ರೂ ಅಕ್ಷರದಲ್ಲೇ ಇದೆ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಆಲಿವರ್ ಬೌಟ್ವೆಲ್ ಎಂಬ ಹಿಟ್ಟಿನ ಗಿರಣಿಯವನು ‘ನನ್ನ ಕಚೇರಿಯಲ್ಲಿ ಬದಲಾಯಿಸಿ ಕೊಡುತ್ತೇನೆ’ ಅಂತ ಟೋಕನ್ ಮೇಲೆಯೇ ಅಚ್ಚು ಹಾಕಿಸಿದ್ದ. ಲಿಂಡೆನ್‌ಮುಲ್ಲರ್ ಟೋಕನ್ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಆ ಕಾಲದ ಎರಡು ಮುಖವೂ ಒಟ್ಟಿಗೆ ಕಾಣುತ್ತವೆ.

ಎರಡನೆಯದು ಪೇಟ್ರಿಯಾಟಿಕ್, ಅಂದರೆ ದೇಶಭಕ್ತಿಯ ಟೋಕನ್. ಇದರಲ್ಲಿ ಅಂಗಡಿಯ ಹೆಸರಿಲ್ಲ. ಬಾವುಟ, ಫಿರಂಗಿ, ವಾಷಿಂಗ್ಟನ್, ಲಿಂಕನ್, ‘ಮಾನಿಟರ್’ ಯುದ್ಧನೌಕೆ, ‘ಆರ್ಮಿ ಅಂಡ್ ನೇವಿ’ ಎಂಬ ಬರಹ, ಇಂಥವು ಇರುತ್ತವೆ. ಇದರಲ್ಲೊಂದನ್ನು ಹತ್ತಿರದಿಂದ ನೋಡೋಣ. ಮುಂಭಾಗದಲ್ಲಿ ಕಂಬದ ಮೇಲೆ ಬಾವುಟ, ಸುತ್ತಲೂ ‘ನಮ್ಮ ಒಕ್ಕೂಟದ ಬಾವುಟ’ ಎಂಬ ಬರಹ, 1863 ಎಂಬ ಇಸವಿ. ತಿರುಗಿಸಿದರೆ, ‘ಯಾರಾದರೂ ಇದನ್ನು ಕಿತ್ತುಹಾಕಲು ಬಂದರೆ ಅಲ್ಲೇ ಗುಂಡಿಕ್ಕಿ’ ಎಂಬ ಅರ್ಥದ ಇಂಗ್ಲಿಷ್ ಮಾತು, ನಡುವೆ ‘ಡಿಕ್ಸ್’ ಎಂಬ ಹೆಸರು. ಇದು 1861ರ ಜನವರಿಯಲ್ಲಿ ಖಜಾನೆ ಕಾರ್ಯದರ್ಶಿಯಾಗಿದ್ದ ಜಾನ್ ಎ. ಡಿಕ್ಸ್ ಕೊಟ್ಟ ಆದೇಶದಿಂದ ಬಂದ ಮಾತು. ಕೆಲವು ಅಚ್ಚುಗಳಲ್ಲಿ ಆ ಇಂಗ್ಲಿಷ್ ಮಾತಿನ ‘ಸ್ಪಾಟ್’ ಪದಕ್ಕೆ ‘ಓ’ ಅಕ್ಷರ ಎರಡು ಸಲ ಬಿದ್ದಿದೆ. ಅವಸರದಲ್ಲಿ ಕೊರೆದ ಕೆಲಸಗಾರನ ಕೈ ಜಾರಿದ್ದು ನೂರಅರುವತ್ತು ವರ್ಷದ ನಂತರವೂ ಕಾಣುತ್ತದೆ. ಸಂಗ್ರಾಹಕರು ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಇನ್ನೊಂದು ಬಗೆಯ ಪೇಟ್ರಿಯಾಟಿಕ್ ನೋಡಿ. ಒಂದು ಕಡೆ ಸರ್ಕಾರಿ ಸೆಂಟಿನ ಹಾಗೇ ಗರಿ ಕಿರೀಟದ ತಲೆ. ಇನ್ನೊಂದು ಕಡೆ ಎಲೆಗಳ ಹಾರದೊಳಗೆ ದೊಡ್ಡದಾಗಿ ‘ಒನ್ ಸೆಂಟ್’. ಅದರ ಮೇಲೆ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ ‘ನಾಟ್’. ಅಂದರೆ ಇದು ಒಂದು ಸೆಂಟ್ ಅಲ್ಲ ಅಂತ. ಖೋಟಾ ನಾಣ್ಯ ಮಾಡಿದ ಆರೋಪದಿಂದ ತಪ್ಪಿಸಿಕೊಳ್ಳಲು ಈ ಉಪಾಯ. ಭೂತಗನ್ನಡಿ ಹಿಡಿದು ಆ ಪದ ಹುಡುಕುವುದು ಹೊಸಬರಿಗೆ ಒಳ್ಳೆಯ ಅಭ್ಯಾಸ.

ಮೂರನೆಯದು ಸಟ್ಲರ್ ಟೋಕನ್. ಸಟ್ಲರ್ ಅಂದರೆ ಸೈನ್ಯದ ಜೊತೆಗೇ ಹೋಗಿ ಸೈನಿಕರಿಗೆ ತಂಬಾಕು, ತಿಂಡಿ ಮಾರುತ್ತಿದ್ದ ಪರವಾನಗಿ ಪಡೆದ ವ್ಯಾಪಾರಿ. ಇವುಗಳಲ್ಲಿ ರೆಜಿಮೆಂಟಿನ ಹೆಸರಿರುತ್ತದೆ. ಬೆಲೆ 5, 10, 25, 50 ಸೆಂಟಿನ ಲೆಕ್ಕದಲ್ಲಿ. ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ. ಹೊಸಬರು ಸದ್ಯಕ್ಕೆ ಇದರ ತಂಟೆಗೆ ಹೋಗಬೇಡಿ.

ಎಚ್ಚರಿಕೆ: ಇವುಗಳ ಜೊತೆ ‘ಹಾರ್ಡ್ ಟೈಮ್ಸ್’ ಟೋಕನ್‌ಗಳನ್ನು ಬೆರೆಸಬೇಡಿ. ಅವು 1830-40ರ ದಶಕದ ಹಣಕಾಸು ಮುಗ್ಗಟ್ಟಿನವು. ಸುಮಾರು 28 ಮಿಲಿಮೀಟರ್ ಇದ್ದು, ನೋಡಿದ ಕೂಡಲೇ ದೊಡ್ಡವು ಅಂತ ಗೊತ್ತಾಗುತ್ತದೆ. ಹಾಗೆಯೇ ‘ದಕ್ಷಿಣದವರ ಟೋಕನ್’ ಅಂತ ಯಾರಾದರೂ ಜಾಸ್ತಿ ಬೆಲೆ ಹೇಳಿದರೆ ನಂಬುವ ಮುನ್ನ ಯೋಚಿಸಿ. ಇವು ಹೆಚ್ಚು ಕಡಿಮೆ ಪೂರ್ತಿ ಉತ್ತರದ ರಾಜ್ಯಗಳ ಸರಕು. ದಕ್ಷಿಣದ ಪರ ಘೋಷಣೆ ಇರುವ 1860ರ ‘ವೆಲ್ತ್ ಆಫ್ ದಿ ಸೌತ್’ ಟೋಕನ್ ಕೂಡ ಅಚ್ಚಾದದ್ದು ಓಹಾಯೋದ ಸಿನ್ಸಿನಾಟಿಯಲ್ಲೇ. ಅದು ಚುನಾವಣೆಯ ಕಾಲದ್ದು, ಚಿಲ್ಲರೆ ಕೊರತೆಗೆ ಸಂಬಂಧವಿಲ್ಲ.

ಹಂತ 2: ಒಂದೇ ಊರು ಹಿಡಿಯಿರಿ

ಸಾವಿರಾರು ಬಗೆಗಳಿವೆ. ಎಲ್ಲ ಬೇಕು ಅಂತ ಹೊರಟರೆ ಯಾವುದೂ ಕೈಗೆ ಬರುವುದಿಲ್ಲ. ನನ್ನ ಸಲಹೆ ಇಷ್ಟೇ: ನೀವಿರುವ ಊರನ್ನೋ, ಹತ್ತಿರದ ಊರನ್ನೋ ಆರಿಸಿಕೊಳ್ಳಿ. ಓಹಾಯೋ, ನ್ಯೂಯಾರ್ಕ್, ಮಿಷಿಗನ್, ಇಂಡಿಯಾನಾ, ಇಲಿನಾಯ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ರಾಜ್ಯಗಳಲ್ಲಿ ಬೇಕಾದಷ್ಟು ಇವೆ. ಊರು ಬೇಡ ಅಂದರೆ ಒಂದು ಕಸುಬು ಹಿಡಿಯಿರಿ. ಔಷಧಿ ಅಂಗಡಿ, ಬೇಕರಿ, ಬಿಯರ್ ಅಂಗಡಿ, ಬೂಟಿನ ಅಂಗಡಿ, ಹೀಗೆ.

ಊರು ಹಿಡಿದರೆ ಒಂದು ಲಾಭ ಇದೆ. ಒಂದೇ ಅಚ್ಚು ಕೊರೆಯುವವನ ಕೈಕೆಲಸ ಬೇಗ ಕಣ್ಣಿಗೆ ಕೂರುತ್ತದೆ. ಸಿನ್ಸಿನಾಟಿಯಲ್ಲಿ ಜಾನ್ ಸ್ಟ್ಯಾಂಟನ್, ವಿಲಿಯಂ ಲ್ಯಾನ್‌ಫಿಯರ್, ಶಿಕಾಗೋದಲ್ಲಿ ಶೂಬೆಲ್ ಚೈಲ್ಡ್ಸ್, ನ್ಯೂಯಾರ್ಕಿನಲ್ಲಿ ಎಮಿಲ್ ಸೀಗಲ್, ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ ಸ್ಕೋವಿಲ್ ಕಂಪನಿ, ಇವರೆಲ್ಲ ಆಗಿನ ದೊಡ್ಡ ಹೆಸರುಗಳು. ಒಬ್ಬ ಅಚ್ಚುಗಾರ ಒಂದೇ ಹಿಂಭಾಗವನ್ನು ಹತ್ತಾರು ಅಂಗಡಿಗಳಿಗೆ ಬಳಸುತ್ತಿದ್ದ. ಮುಂಭಾಗದಲ್ಲಿ ಮಾತ್ರ ಅಂಗಡಿಯ ಹೆಸರು ಬದಲು. ಇದು ಗೊತ್ತಾದ ಮೇಲೆ, ಬೇರೆ ಬೇರೆ ಊರಿನ ಟೋಕನ್‌ಗಳ ಹಿಂಭಾಗ ನೋಡಿಯೇ ಯಾರ ಕಾರ್ಖಾನೆಯದು ಅಂತ ಹೇಳಬಹುದು.

ಹಂತ 3: ಫುಲ್ಡ್ ನಂಬರ್ ಓದಿ

ಮೆಲ್ವಿನ್ ಫುಲ್ಡ್, ಜಾರ್ಜ್ ಫುಲ್ಡ್ ಎಂಬ ತಂದೆ-ಮಗ ಈ ಟೋಕನ್‌ಗಳಿಗೆಲ್ಲ ನಂಬರ್ ಕೊಟ್ಟರು. ಕೊಳ್ಳುವವರು, ಮಾರುವವರು ಎಲ್ಲರೂ ಮಾತಾಡುವುದು ಇದೇ ನಂಬರಿನಲ್ಲಿ.

ಪೇಟ್ರಿಯಾಟಿಕ್ ಆದರೆ ಎರಡು ಸಂಖ್ಯೆ, ಕೊನೆಗೊಂದು ಅಕ್ಷರ. 51/342ಎ ಅಂತಿದ್ದರೆ ಒಂದು ಬದಿಗೆ 51ನೇ ಡೈ, ಇನ್ನೊಂದು ಬದಿಗೆ 342ನೇ ಡೈ. ಡೈ ಅಂದರೆ ಉಕ್ಕಿನಲ್ಲಿ ಕೊರೆದ ಅಚ್ಚು. ಕೊನೆಯ ಅಕ್ಷರ ಲೋಹ ಹೇಳುತ್ತದೆ: ಎ ಅಂದರೆ ತಾಮ್ರ, ಬಿ ಅಂದರೆ ಹಿತ್ತಾಳೆ, ಡಿ ಅಂದರೆ ತಾಮ್ರ-ನಿಕಲ್, ಇ ಅಂದರೆ ತವರದಂಥ ಬಿಳಿ ಲೋಹ.

ಸ್ಟೋರ್ ಕಾರ್ಡ್ ಆದರೆ ಮೊದಲು ರಾಜ್ಯದ ಎರಡಕ್ಷರ, ಆಮೇಲೆ ಊರಿನ ಸಂಖ್ಯೆ, ಅಂಗಡಿಯ ಅಕ್ಷರ, ಬಗೆಯ ಸಂಖ್ಯೆ, ಕೊನೆಗೆ ಲೋಹ. ಓಎಚ್ 165 ಅಂದರೆ ಸಿನ್ಸಿನಾಟಿ. ಎನ್‌ವೈ 630 ಅಂದರೆ ನ್ಯೂಯಾರ್ಕ್ ನಗರ. ಎಂಐ 225 ಅಂದರೆ ಡೆಟ್ರಾಯಿಟ್.

ಜೊತೆಗೆ ಆರ್-1ರಿಂದ ಆರ್-10ರವರೆಗೆ ಅಪರೂಪದ ಅಳತೆ ಇರುತ್ತದೆ. ಆರ್-1 ಅಂದರೆ 5,000ಕ್ಕಿಂತ ಹೆಚ್ಚು ಉಳಿದಿವೆ ಎಂಬ ಅಂದಾಜು. ಆರ್-5 ಅಂದರೆ 75ರಿಂದ 200. ಆರ್-8 ಅಂದರೆ 5ರಿಂದ 10. ಆರ್-10 ಅಂದರೆ ಒಂದೇ ಒಂದು.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಆರ್-9 ಅಂದ ಕೂಡಲೇ ಬಹಳ ಬೆಲೆಬಾಳುವ ವಸ್ತು ಅಂತಲ್ಲ. ಬೇಡಿಕೆ ಇಲ್ಲದಿದ್ದರೆ ಅಪರೂಪದ್ದೂ ಅಗ್ಗಕ್ಕೆ ಸಿಗುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬೆಳ್ಳಿ, ಬಿಳಿ ಲೋಹ, ತಾಮ್ರ-ನಿಕಲ್‌ನಲ್ಲಿ ಹೊಡೆದ ಬಹಳಷ್ಟು ಟೋಕನ್‌ಗಳು ಅಂಗಡಿಗೆ ಹೋಗಲೇ ಇಲ್ಲ. ಅವನ್ನು ಆ ಕಾಲದ ಸಂಗ್ರಾಹಕರಿಗಾಗಿಯೇ ಮಾಡಿದ್ದು. ಅಂದವಾಗಿವೆ, ನಿಜ. ಆದರೆ ಚಿಲ್ಲರೆ ಕೊರತೆಯ ಕಥೆ ಬೇಕಾದವರಿಗೆ ತಾಮ್ರ, ಹಿತ್ತಾಳೆಯೇ ಸರಿ. ಹಣ ಉಳಿಯುತ್ತದೆ, ಕಥೆಯೂ ಸಿಗುತ್ತದೆ.

ಹಂತ 4: ಸ್ಥಿತಿ ಅಳೆಯಿರಿ

ನಾಣ್ಯ ಎಷ್ಟು ಸವೆದಿದೆ ಅನ್ನೋದಕ್ಕೆ ಗ್ರೇಡ್ ಅಂತಾರೆ. ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರೀಮ್ಲಿ ಫೈನ್’ ಅಂತ ಏರುತ್ತಾ ಹೋಗಿ, ಬಳಕೆಯಾಗದ್ದಕ್ಕೆ ‘ಮಿಂಟ್ ಸ್ಟೇಟ್’ ಎನ್ನುತ್ತಾರೆ. ಲ್ಯಾಂಪನ್ನು ಓರೆಯಾಗಿಟ್ಟು ಟೋಕನ್ ನಿಧಾನ ತಿರುಗಿಸಿ. ಸವೆತ ಮೊದಲು ಕಾಣುವುದು ಉಬ್ಬಿದ ಜಾಗದಲ್ಲಿ, ಅಂದರೆ ಕೂದಲು, ಕೆನ್ನೆ, ಗರಿಯ ತುದಿಗಳಲ್ಲಿ.

ಸರ್ಕಾರಿ ನಾಣ್ಯದ ಕಣ್ಣಿನಿಂದ ಇವನ್ನು ನೋಡಬಾರದು. ಅವಸರದಲ್ಲಿ ಹೊಡೆದವು ಇವು. ಒಂದು ಬದಿ ಮಸುಕಾಗಿ ಬಿದ್ದಿರಬಹುದು. ಆ ಮಸುಕು ಜಾಗದಲ್ಲೂ ಲೋಹದ ಸಹಜ ಮಿನುಗು ಉಳಿದಿದ್ದರೆ ಅದು ಸವೆತವಲ್ಲ, ಅಚ್ಚು ಸರಿಯಾಗಿ ಬೀಳದ್ದು. ಮೇಲ್ಮೈಯಲ್ಲಿ ಉಬ್ಬಿದ ಕೂದಲೆಳೆಯಂಥ ಗೆರೆ ಕಂಡರೆ ಅದು ಡೈ ಕ್ರ್ಯಾಕ್, ಅಂದರೆ ಅಚ್ಚಿನಲ್ಲೇ ಬಿದ್ದ ಬಿರುಕು. ದೋಷ ಅಂತ ಬಿಸಾಡಬೇಡಿ. ಬಿರುಕು ಬೆಳೆಯುತ್ತಾ ಹೋದಂತೆ ಯಾವ ಟೋಕನ್ ಮೊದಲು, ಯಾವುದು ಆಮೇಲೆ ಅಂತ ಜೋಡಿಸಬಹುದು. ತಗ್ಗಿದ ಗೆರೆಯಾದರೆ ಅದು ಗೀರು. ಬೆಲೆ ಇಳಿಯುತ್ತದೆ.

ಹಂತ 5: ಕೊಳ್ಳಿ, ಆದರೆ ಬೆಲೆ ನೋಡಿ

ಅಮೆರಿಕದಲ್ಲಿರುವವರಿಗೆ ನಾಣ್ಯ ಮೇಳವೇ ಒಳ್ಳೆಯ ಶಾಲೆ. ಕೈಯಲ್ಲಿ ಹಿಡಿದು ನೋಡಬಹುದು, ಕೇಳಬಹುದು. 1967ರಲ್ಲಿ ಶುರುವಾದ ಸಿವಿಲ್ ವಾರ್ ಟೋಕನ್ ಸೊಸೈಟಿಯ ಸದಸ್ಯರಾಗಿ. ಅವರ ಪತ್ರಿಕೆ ಓದಿದರೇ ಬಹಳ ಕಲಿಯಬಹುದು. ಭಾರತದಲ್ಲಿರುವವರಿಗೆ ಆನ್‌ಲೈನ್ ಹರಾಜೇ ದಾರಿ. ಇಲ್ಲಿನ ಮೇಳಗಳಲ್ಲಿ ಇವು ಕಾಣುವುದು ಅಪರೂಪ.

ಸವೆದ, ಸಾಮಾನ್ಯ ಪೇಟ್ರಿಯಾಟಿಕ್ ಟೋಕನ್ ಇಪ್ಪತ್ತು-ಮೂವತ್ತು ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಸ್ಟೋರ್ ಕಾರ್ಡ್‌ಗಳ ಬೆಲೆ ಊರು ನೋಡಿ ಏರಿಳಿಯುತ್ತದೆ. ಸಿನ್ಸಿನಾಟಿಯಂಥ ದೊಡ್ಡ ಊರಿನದು ಅಗ್ಗ. ಒಂದೇ ಅಂಗಡಿ ಟೋಕನ್ ಮಾಡಿಸಿದ ಹಳ್ಳಿಯದಾದರೆ ದುಬಾರಿ. ಮಾರುವವನು ಹೇಳುವ ಬೆಲೆಯನ್ನು ಆಧಾರ ಮಾಡಬೇಡಿ. ಹೆರಿಟೇಜ್, ಸ್ಟ್ಯಾಕ್ಸ್ ಬೋವರ್ಸ್ ಥರದ ಹರಾಜು ಸಂಸ್ಥೆಗಳು ಹಳೆಯ ಹರಾಜಿನ ಫಲಿತಾಂಶಗಳನ್ನು ಚಿತ್ರ ಸಮೇತ ಇಟ್ಟಿರುತ್ತವೆ. ಫುಲ್ಡ್ ನಂಬರ್ ಹಾಕಿ ಹುಡುಕಿ, ಅದೇ ಗ್ರೇಡಿನದು ಎಷ್ಟಕ್ಕೆ ಹೋಗಿದೆ ನೋಡಿ.

ಫೋಟೋದಲ್ಲಿ ಎರಡೂ ಬದಿ ಸ್ಪಷ್ಟವಾಗಿ ಕಾಣದಿದ್ದರೆ ಬಿಡ್ ಮಾಡಬೇಡಿ. ವಾಪಸ್ ತೆಗೆದುಕೊಳ್ಳದ ಮಾರಾಟಗಾರರ ಹತ್ತಿರವೂ ಬೇಡ. ‘ನೂರು ಟೋಕನ್ ಒಟ್ಟಿಗೆ’ ಎಂಬ ಲಾಟ್‌ಗಳಲ್ಲಿ ಒಳ್ಳೆಯದನ್ನು ಆಗಲೇ ಆರಿಸಿ ತೆಗೆದಿರುತ್ತಾರೆ.

ಇನ್ನೊಂದು ಎಚ್ಚರಿಕೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಾಗಿರುವ ಯುದ್ಧಭೂಮಿಗಳಲ್ಲಿ ಲೋಹಶೋಧಕ ಹಿಡಿದು ನೆಲ ಅಗೆಯುವುದು ಫೆಡರಲ್ ಅಪರಾಧ. ಅಲ್ಲಿ ಅಗೆದು ತೆಗೆದದ್ದು ಅಂತ ಹೆಮ್ಮೆಯಿಂದ ಯಾರಾದರೂ ಮಾರಿದರೆ ದೂರವಿರಿ.

ಹಂತ 6: ನಕಲಿ ಹಿಡಿಯಿರಿ

1973ರ ಅಮೆರಿಕದ ಕಾನೂನಿನ ಪ್ರಕಾರ ನಕಲು ನಾಣ್ಯದ ಮೇಲೆ ‘ಕಾಪಿ’ ಅಂತ ಅಚ್ಚಿರಬೇಕು. ಅದಕ್ಕೂ ಮುಂಚಿನ ನಕಲುಗಳಲ್ಲಿ ಆ ಗುರುತು ಇರುವುದಿಲ್ಲ. ಮೋಸಕ್ಕೆಂದೇ ಮಾಡುವವರು ಯಾವತ್ತೂ ಹಾಕುವುದಿಲ್ಲ. ಹಾಗಾಗಿ ನಾಲ್ಕು ಪರೀಕ್ಷೆ ರೂಢಿಸಿಕೊಳ್ಳಿ.

ಅಯಸ್ಕಾಂತ ಹಿಡಿಯಿರಿ. ತಾಮ್ರ, ಹಿತ್ತಾಳೆ ಅಂಟುವುದಿಲ್ಲ. ಅಂಟಿದರೆ ಅಲ್ಲಿಗೇ ಮುಗಿಯಿತು.

ಅಂಚು ನೋಡಿ. ಎರಕ ಹೊಯ್ದ ನಕಲಿಯಲ್ಲಿ ಎರಡು ಅರ್ಧ ಸೇರಿದ ಗೆರೆ ಅಂಚಿನ ಸುತ್ತ ಕಾಣುತ್ತದೆ. ಅದನ್ನು ಅರದಿಂದ ಉಜ್ಜಿದ್ದರೆ ಉಜ್ಜಿದ ಗುರುತು ಇರುತ್ತದೆ. ಅಸಲಿ ಟೋಕನ್‌ಗಳಲ್ಲಿ ಹೆಚ್ಚಿನವಕ್ಕೆ ನುಣುಪಾದ ಅಂಚು.

ಮೇಲ್ಮೈ ನೋಡಿ. ಅಚ್ಚು ಹೊಡೆದ ಅಕ್ಷರದ ಬದಿಗಳು ಚೂಪಾಗಿ ನಿಂತಿರುತ್ತವೆ. ಎರಕದ ಅಕ್ಷರ ಕರಗಿದಂತೆ ದುಂಡಗೆ ಕಾಣುತ್ತದೆ. ಖಾಲಿ ಜಾಗದಲ್ಲಿ ಸೂಜಿ ಚುಚ್ಚಿದಂಥ ಚಿಕ್ಕ ಗುಳಿಗಳಿರುತ್ತವೆ.

ತೂಕ ನೋಡಿ, ಆದರೆ ತೂಕವನ್ನೇ ನಂಬಬೇಡಿ. ಸರ್ಕಾರಿ ಸೆಂಟಿಗೆ 4.67 ಗ್ರಾಂ ಎಂಬ ನಿಗದಿ ಇತ್ತು. ಟೋಕನ್‌ಗೆ ಅಂಥ ನಿಯಮವಿಲ್ಲ. ಬಿಲ್ಲೆ ದಪ್ಪ ಸಿಕ್ಕಿದರೆ ದಪ್ಪ, ತೆಳು ಸಿಕ್ಕಿದರೆ ತೆಳು. ಅಸಲಿ ಟೋಕನ್‌ಗಳ ನಡುವೆಯೇ ವ್ಯತ್ಯಾಸ ಇರುತ್ತದೆ. ಒಂದೇ ನಂಬರಿನ ಎರಡು ಟೋಕನ್ ಗುಳಿ, ಗೀರುಗಳ ಸಮೇತ ಒಂದೇ ಥರ ಇದ್ದರೆ ಮಾತ್ರ ಎರಡನ್ನೂ ಅನುಮಾನಿಸಿ.

ದುಬಾರಿ ಟೋಕನ್ ಆದರೆ ಎನ್‌ಜಿಸಿಯಂಥ ಸಂಸ್ಥೆ ಪರೀಕ್ಷಿಸಿ ಗಟ್ಟಿ ಡಬ್ಬಿಯಲ್ಲಿ ಮುಚ್ಚಿಕೊಟ್ಟದ್ದನ್ನೇ ಕೊಳ್ಳಿ. ಅಗ್ಗದ್ದಕ್ಕೆ ಆ ಖರ್ಚು ದಂಡ.

ಹಂತ 7: ತೊಳೆಯಬೇಡಿ

ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ತಾಮ್ರ ಕಂಡರೆ ಹುಣಸೆಹಣ್ಣು ಹಚ್ಚಿ ಬೆಳಗುವುದು ನಮ್ಮ ಮನೆಗಳ ಅಭ್ಯಾಸ. ಪೂಜೆಯ ಚೊಂಬಿಗೆ ಅದು ಸರಿ. ಟೋಕನ್ನಿಗೆ ಹುಣಸೆಹಣ್ಣು, ನಿಂಬೆ, ಪೀತಾಂಬರಿ, ವಿಭೂತಿ ಯಾವುದೂ ಬೇಡ. ಆ ಕಂದು ಬಣ್ಣಕ್ಕೆ ಪ್ಯಾಟಿನಾ ಅಂತಾರೆ. ಅದು ಕೊಳೆಯಲ್ಲ, ವರ್ಷಾನುಗಟ್ಟಲೆ ಗಾಳಿಗೆ ತಾಮ್ರದ ಮೇಲೆ ಕೂತ ಪದರ. ಹುಳಿ ತಾಗಿದ ಕ್ಷಣದಲ್ಲಿ ಅದು ಹೋಗಿ ಕೆಳಗಿನ ಲೋಹ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಬೆಲೆಯೂ ಕುಸಿಯುತ್ತದೆ, ನೋಡುವ ಕಣ್ಣಿಗೆ ಮೊದಲ ನೋಟದಲ್ಲೇ ತಿಳಿದುಬಿಡುತ್ತದೆ.

ಹಸಿರು ಲೋಳೆ ಕಂಡರೆ ಅದು ಮೆತ್ತನೆಯ ಪಿವಿಸಿ ಕವರಿನಿಂದ ಬಂದದ್ದು. ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೆಗೆಯಿರಿ. ಉಜ್ಜಬೇಡಿ. ಉಗುರು ಬಣ್ಣ ತೆಗೆಯುವ ದ್ರವ ಬಳಸಬೇಡಿ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ. ಪುಡಿಪುಡಿಯಾದ ಒಣ ಹಸಿರು ಕಂಡರೆ ಅದು ತಾಮ್ರಕ್ಕೆ ಹತ್ತಿದ ಕಿಲುಬು. ಅದಕ್ಕೆ ಮನೆಮದ್ದು ಮಾಡದೆ, ತಿಳಿದವರಿಗೆ ತೋರಿಸಿ.

ಹಿಡಿಯುವಾಗ ಅಂಚು ಮಾತ್ರ ಹಿಡಿಯಿರಿ. ಬೆರಳಿನ ಗುರುತು ತಾಮ್ರದ ಮೇಲೆ ಕಾಯಂ ಆಗಿ ಕೂರುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಗಳಲ್ಲಿಟ್ಟು, ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಆಗಾಗ ಬದಲಿಸಿ. ಮರದ ಬೀರು, ರಬ್ಬರ್ ಬ್ಯಾಂಡ್ ಎರಡೂ ತಾಮ್ರಕ್ಕೆ ಒಳ್ಳೆಯದಲ್ಲ.

ಹಂತ 8: ಅಂಗಡಿಯವನನ್ನು ಹುಡುಕಿ

ಈ ಹವ್ಯಾಸದ ಜೀವ ಇರುವುದು ಇಲ್ಲೇ. ಕೈಯಲ್ಲಿರುವ ಟೋಕನ್ ಮೇಲೆ ಒಬ್ಬ ಮನುಷ್ಯನ ಹೆಸರಿದೆ. ಅವನು ಯಾರು ಅಂತ ಕಂಡುಹಿಡಿಯಲು ಬೇಕಾದ ದಾಖಲೆಗಳೆಲ್ಲ ಈಗ ಮನೆಯಲ್ಲೇ ಕೂತು ನೋಡಲು ಸಿಗುತ್ತವೆ.

ಮೊದಲು ಊರಿನ ಡೈರೆಕ್ಟರಿ ಹಿಡಿಯಿರಿ. ಆ ಕಾಲದಲ್ಲಿ ದೊಡ್ಡ ಊರುಗಳಿಗೆಲ್ಲ ಹೆಸರು, ಕಸುಬು, ವಿಳಾಸ ಇರುವ ಪುಸ್ತಕ ಬರುತ್ತಿತ್ತು. ಸಿನ್ಸಿನಾಟಿಗೆ ವಿಲಿಯಮ್ಸ್ ಡೈರೆಕ್ಟರಿ, ನ್ಯೂಯಾರ್ಕಿಗೆ ಟ್ರೋ ಡೈರೆಕ್ಟರಿ. ಇಂಟರ್ನೆಟ್ ಆರ್ಕೈವ್, ಗೂಗಲ್ ಬುಕ್ಸ್ ಹುಡುಕಿ. ಒಂದು ವರ್ಷದ್ದು ನೋಡಿ ನಿಲ್ಲಿಸಬೇಡಿ. 1861ರಿಂದ 1866ರವರೆಗೆ ಸಾಲಾಗಿ ನೋಡಿದರೆ ಅಂಗಡಿ ಯಾವಾಗ ತೆರೆಯಿತು, ಯಾವಾಗ ಬೇರೆ ಬೀದಿಗೆ ಹೋಯಿತು, ಪಾಲುದಾರ ಯಾವಾಗ ಬಿಟ್ಟ ಅನ್ನೋದು ಗೊತ್ತಾಗುತ್ತದೆ. ಇಸವಿ ಇಲ್ಲದ ಟೋಕನ್ನಿಗೆ ಕಾಲ ಕಟ್ಟಲು ಇದೇ ದಾರಿ. ಟೋಕನ್ ಮೇಲೆ ಇಬ್ಬರ ಹೆಸರಿದ್ದು, ಅವರು ಒಟ್ಟಿಗೆ ಇದ್ದದ್ದು 1863ರಲ್ಲಿ ಮಾತ್ರವಾದರೆ ಟೋಕನ್ನಿನ ಇಸವಿಯೂ ಸಿಕ್ಕಂತೆ.

ಆಮೇಲೆ 1860 ಮತ್ತು 1870ರ ಜನಗಣತಿ. ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ವಯಸ್ಸು, ಹುಟ್ಟಿದ ದೇಶ, ಮನೆಮಂದಿ ಎಲ್ಲ ಇರುತ್ತದೆ. ಜರ್ಮನಿಯಿಂದ ವಲಸೆ ಬಂದವರ ಹೆಸರು ಈ ಟೋಕನ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಕಾಗುಣಿತ ಮಾತ್ರ ಗಣತಿಯವನು ಕೇಳಿದ ಹಾಗೆ ಬರೆದಿರುತ್ತಾನೆ. ಆದ್ದರಿಂದ ಹೆಸರನ್ನು ನಾಲ್ಕಾರು ಥರ ಬರೆದು ಹುಡುಕಿ. ಕೊನೆಗೆ ಹಳೆಯ ಪತ್ರಿಕೆಗಳ ಜಾಹೀರಾತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಉಚಿತವಾಗಿ ಇಟ್ಟಿದೆ.

ಇಲ್ಲೂ ಒಂದು ಹಳ್ಳ ಇದೆ. ಟೋಕನ್ ಮೇಲಿನ ಮನೆ ನಂಬರನ್ನು ಇವತ್ತಿನ ಮ್ಯಾಪಿನಲ್ಲಿ ಹಾಕಿ, ಇದೇ ಜಾಗ ಅಂತ ಫೋಟೋ ತೆಗೆದು ಹಂಚಿಕೊಳ್ಳುವವರಿದ್ದಾರೆ. ಶಿಕಾಗೋ 1909ರಲ್ಲಿ, ನಡುಪೇಟೆಯಲ್ಲಿ 1911ರಲ್ಲಿ, ಮನೆ ನಂಬರುಗಳನ್ನು ಬದಲಿಸಿತು. ಡೆಟ್ರಾಯಿಟ್ 1920ರ ದಶಕದ ಆರಂಭದಲ್ಲಿ ಬದಲಿಸಿತು. ಅಲ್ಲದೆ 1871ರ ಬೆಂಕಿಯಲ್ಲಿ ಶಿಕಾಗೋದ ಪೇಟೆ ಬೀದಿಗಳೇ ಸುಟ್ಟುಹೋದವು. ಆ ಕಾಲದ ನಕ್ಷೆ ಇಟ್ಟುಕೊಂಡು, ಅಡ್ಡರಸ್ತೆಯ ಲೆಕ್ಕದಲ್ಲಿ ಜಾಗ ಗುರುತಿಸಿ.

ಸಿಕ್ಕಿದ್ದನ್ನೆಲ್ಲ ಟೋಕನ್ನಿನ ಫುಲ್ಡ್ ನಂಬರ್, ತೂಕ, ಅಗಲ, ಕೊಂಡ ದಿನ, ಕೊಟ್ಟ ಬೆಲೆ, ಫೋಟೋ ಜೊತೆ ಒಂದೇ ಕಡೆ ಬರೆದಿಡಿ. ಯಾವ ಡೈರೆಕ್ಟರಿ, ಎಷ್ಟನೇ ಪುಟ ಅನ್ನೋದೂ ಇರಲಿ. ಇಲ್ಲದಿದ್ದರೆ ಮುಂದೆ ನಿಮಗೇ ಸಿಗುವುದಿಲ್ಲ.

ಹಂತ 9: ಭಾರತಕ್ಕೆ ತರುವ ಮುನ್ನ

ಭಾರತಕ್ಕೆ ತರಿಸಿಕೊಳ್ಳುವವರು ಕಸ್ಟಮ್ಸ್ ಸುಂಕ ಮತ್ತು ಅಂಚೆ ವೆಚ್ಚವನ್ನು ಬೆಲೆಗೆ ಸೇರಿಸಿಯೇ ಬಿಡ್ ಮಾಡಿ. ಇಪ್ಪತ್ತು ಡಾಲರಿನ ಟೋಕನ್ನಿಗೆ ಅದಕ್ಕಿಂತ ಜಾಸ್ತಿ ಸಾಗಣೆ ಖರ್ಚಾದರೆ ಅರ್ಥವಿಲ್ಲ. ಅಲ್ಲಿರುವ ಬಂಧುಗಳ ವಿಳಾಸಕ್ಕೆ ಕೂಡಿಸಿ, ಒಟ್ಟಿಗೆ ತರಿಸಿಕೊಳ್ಳುವುದು ಮೇಲು.

ಅಮೆರಿಕದಿಂದ ವಾಪಸ್ ಬಂದು ಇಲ್ಲೇ ನೆಲೆಸುವವರು ಇನ್ನೊಂದು ವಿಷಯ ನೆನಪಿಡಬೇಕು. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯಗಳೂ ಪುರಾತನ ವಸ್ತುಗಳೇ. ಅಂಥವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1863ರ ಟೋಕನ್ ಅಮೆರಿಕದ್ದೇ ಆದರೂ, ಒಮ್ಮೆ ಇಲ್ಲಿಗೆ ತಂದ ಮೇಲೆ ಅಲ್ಲಿನ ಹರಾಜಿಗೆ ಕಳಿಸಲು ಹೊರಟರೆ ಕಸ್ಟಮ್ಸ್‌ನಲ್ಲಿ ಪ್ರಶ್ನೆ ಏಳಬಹುದು. ಆದ್ದರಿಂದ ತರುವ ಮೊದಲೇ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಮುಂದೆ ಮಾರಬೇಕು ಅಂತಿರುವ ಟೋಕನ್‌ಗಳನ್ನು ಅಲ್ಲೇ ಮಾರಿ ಬನ್ನಿ. ತರುವುದಾದರೆ ಕೊಂಡ ರಸೀದಿ, ಫೋಟೋ, ಆಮದಿನ ಕಾಗದ ಮೂರನ್ನೂ ಟೋಕನ್ ಜೊತೆಗೇ ಇಟ್ಟು, ಒಂದೊಂದು ಪ್ರತಿಯನ್ನು ಬೇರೆ ಕಡೆಯೂ ಇಡಿ.